ಪುಟ್ಟ ಜಾಲತಾಣಕ್ಕೆ ಇಮೇಲ್ ನ್ಯೂಸ್‌ಲೆಟರ್ ಈಗಲೂ ಬೇಕೆ?

ಬೆಂಗಳೂರಿನ ಕೆರೆಗಳಿಗೆ ಬರುವ ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಟ್ಟದೊಂದು ಜಾಲತಾಣ ನಡೆಸುತ್ತಿರುವುದಾಗಿಯೂ, ದಿನಕ್ಕೆ ಇನ್ನೂರು ಮುನ್ನೂರು ಮಂದಿ ಬಂದು ಹೋಗುತ್ತಾರೆಂದೂ, ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಇರುವ ಈ ಕಾಲದಲ್ಲಿ ಇಮೇಲ್ ನ್ಯೂಸ್‌ಲೆಟರ್ ಆರಂಭಿಸಿದರೆ ಶ್ರಮ ವ್ಯರ್ಥವಾದೀತೇ ಎಂದೂ ನೀವು ಕೇಳಿದ್ದೀರಿ. ವ್ಯರ್ಥವಾಗದು ಎಂಬುದು ನನ್ನ ಉತ್ತರ. ಆದರೆ ಅದರಿಂದ ಓದುಗರ ಸಂಖ್ಯೆ ಏರುತ್ತದೆ ಎಂಬ ನಿರೀಕ್ಷೆ ನಿಮಗಿದ್ದರೆ ಈಗಲೇ ಆ ಯೋಚನೆಯನ್ನು ಕೈಬಿಡುವುದು ಲೇಸು. ನ್ಯೂಸ್‌ಲೆಟರ್ ಎಂಬ ಈ ಇಮೇಲ್ ಪತ್ರ ಹೊಸಬರನ್ನು ಕರೆತರುವುದಿಲ್ಲ. ಒಮ್ಮೆ ಬಂದವರಿಗೆ ಸರಿಯಾದ ಹೊತ್ತಿನಲ್ಲಿ ಸರಿಯಾದ ಮಾತನ್ನು ತಲುಪಿಸುತ್ತದೆ, ಅಷ್ಟೆ. ಆ 'ಸರಿಯಾದ ಹೊತ್ತು' ಎಂಬುದು ನಿಮ್ಮ ವಿಷಯಕ್ಕೆ ಎಷ್ಟು ಮುಖ್ಯ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಇದನ್ನು ನನ್ನ ಅನುಭವದಿಂದಲೇ ವಿವರಿಸುತ್ತೇನೆ. ನಾನು ಹನುಮಂತನಗರದ ನಮ್ಮ ಮನೆಯಿಂದ ತಾರಸಿ ತೋಟದ ಕುರಿತು ಒಂದು ಜಾಲತಾಣವನ್ನು ಕೆಲವು ವರ್ಷಗಳಿಂದ ನಡೆಸುತ್ತಿದ್ದೇನೆ. ನಮ್ಮೂರಿನವರಿಗೆ ಅವರೆಕಾಯಿಯ ನೆನಪಾಗುವುದು ಡಿಸೆಂಬರ್‌ನಲ್ಲಿ, ಗಾಂಧಿಬಜಾರಿನಲ್ಲಿ ಕಾಯಿಯ ರಾಶಿ ಬಿದ್ದು ಮನೆಯಲ್ಲಿ ಕಾಳು ಹಿತುಕುವ ಕೆಲಸ ಶುರುವಾದಾಗ. ಕುಂಡದಲ್ಲಿ ಅವರೆ ಬೆಳೆಯುವುದು ಹೇಗೆ ಎಂದು ಆಗ ಗೂಗಲ್‌ನಲ್ಲಿ ಹುಡುಕಿ ನನ್ನ ಪುಟಕ್ಕೆ ಬರುತ್ತಾರೆ, ಓದುತ್ತಾರೆ, ಮರೆಯುತ್ತಾರೆ. ಆದರೆ ಹಗಲು ಚಿಕ್ಕದಾದ ಮೇಲಷ್ಟೇ ಹೂ ಬಿಡುವ ನಾಟಿ ಅವರೆಯನ್ನು ಬಿತ್ತಬೇಕಾದದ್ದು ಜುಲೈ, ಆಗಸ್ಟ್ ತಿಂಗಳಿನಲ್ಲಿ. (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಾಲದ ಹಂಗಿಲ್ಲ, ನಿಜ, ಅವುಗಳಲ್ಲಿ ಸೊಗಡು ಸಾಲದು ಎಂಬುದು ನಮ್ಮ ಮನೆಯವರ ತಕರಾರು.) ಜುಲೈನಲ್ಲಿ ಅವರೆಯ ಬಗ್ಗೆ ಹುಡುಕುವವರು ಯಾರೂ ಇಲ್ಲ. ಹುಡುಕಬೇಕೆಂದೇ ತೋಚದವರನ್ನು ಸರ್ಚ್ ಎಂಜಿನ್ ನನ್ನ ಬಳಿಗೆ ಕರೆತರಲಾರದು. ಅವರಿಗೆ ಜುಲೈ ಮೊದಲ ವಾರದಲ್ಲಿ "ಈ ಭಾನುವಾರ ನಾಲ್ಕು ಕಾಳು ಊರಿ" ಎಂದು ಹೇಳಬಲ್ಲದ್ದು ಪತ್ರ ಮಾತ್ರ. ನಿಮ್ಮ ವಿಷಯವೂ ಹೀಗೆಯೇ ಅಲ್ಲವೇ? ವಲಸೆ ಹಕ್ಕಿ ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್) ನಮ್ಮೂರಿಗೆ ಬಂದಿಳಿಯುವುದು ಮಳೆಗಾಲದ ಕೊನೆಗೆ. ಬಂದು ಹೋದ ಮೇಲೆ ಅದರ ಲೇಖನ ಓದಿದವನಿಗೆ ಮಾಹಿತಿ ಸಿಕ್ಕೀತೇ ಹೊರತು ಹಕ್ಕಿ ಕಾಣಸಿಗದು.

ಆರಂಭದಲ್ಲಿ ನಾನು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಭಾನುವಾರ ನಡೆದ ತೋಟಗಾರರ ಕೂಟವೊಂದರಲ್ಲಿ ಗೆರೆ ಹಾಕಿದ ನೋಟ್‌ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, ಆಸಕ್ತರು ಇಮೇಲ್ ವಿಳಾಸ ಬರೆಯಬೇಕೆಂದು ಕೋರಿದ್ದೆ. ಎರಡು ಪುಟ ತುಂಬಿತು. ನನಗೆ ಹಿಗ್ಗೋ ಹಿಗ್ಗು. ರಾತ್ರಿ ಕುಳಿತು ಅವುಗಳನ್ನು ಬೆರಳಚ್ಚಿಸಿ ಮೊದಲ ಪತ್ರ ಕಳುಹಿಸಿದರೆ ಹಲವು ಹಾಗೆಯೇ ವಾಪಸಾದವು. ಪುಸ್ತಕವನ್ನು ದೀಪದ ಕೆಳಗೆ ಹಿಡಿದು ನೋಡಿದಾಗ ಕಾರಣ ತಿಳಿಯಿತು: ಹೆಸರಿನ ನಡುವೆ ಬರೆದಿದ್ದ ಅಂಡರ್‌ಸ್ಕೋರ್ ಪುಸ್ತಕದ ಗೆರೆಯ ಮೇಲೆಯೇ ಕೂತು ಗೆರೆಯೊಳಗೆ ಕಾಣೆಯಾಗಿತ್ತು. ಅದಾದರೂ ನಗುವಂಥ ತಪ್ಪು. ಇನ್ನೊಂದು ಅಷ್ಟು ಹಗುರವಾದುದಲ್ಲ. ಹಿಂದೆ ಎಂದೋ ನನಗೆ ಪ್ರಶ್ನೆ ಕೇಳಿ ಇಮೇಲ್ ಬರೆದಿದ್ದವರ ವಿಳಾಸಗಳನ್ನೆಲ್ಲ ಅವರನ್ನು ಕೇಳದೆಯೇ ಪಟ್ಟಿಗೆ ಸೇರಿಸಿ, ನನ್ನ ಸ್ವಂತ ಜಿಮೇಲ್ ಖಾತೆಯಿಂದ ಬಿಸಿಸಿ ಹಾಕಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ, ಕಳುಹಿಸಿದ್ದೆ. ಕೆಲವರು ಸ್ಪ್ಯಾಮ್ ಎಂದು ಗುರುತು ಹಾಕಿದರು, ಅದು ಅವರ ಹಕ್ಕು. ಆಮೇಲೆ ಕೆಲವು ವಾರ ನಾನು ತಂಗಿಗೆ ಬರೆದ ಪತ್ರವೂ ಅವಳ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬೀಳುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೊಡುವಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಆಗಬೇಕು ಎನ್ನುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಕೇಳದೆ ಪತ್ರ ಹಾಕುವವನ ಮೇಲೆ ಓದುಗರಿಗೆ ಮುನಿಸು ಬರುವುದು ಸಹಜವೇ.

ಆದ್ದರಿಂದ ಜಾಲತಾಣದಲ್ಲಿ ಒಂದು ಪೆಟ್ಟಿಗೆ ಇಡಿ, ವಿಳಾಸವನ್ನು ಅವರೇ ಬರೆಯಲಿ, ಅದಕ್ಕೊಂದು ಖಚಿತಪಡಿಸುವ ಇಮೇಲ್ ಹೋಗಲಿ, ಅದರಲ್ಲಿನ ಕೊಂಡಿಯನ್ನು ಒತ್ತಿದವರಷ್ಟೇ ಪಟ್ಟಿಗೆ ಸೇರಲಿ. ಆ ಪೆಟ್ಟಿಗೆಯ ಮೇಲೆ ಏನು ಬರೆಯುತ್ತೀರಿ ಎಂಬುದೂ ಸಣ್ಣ ಸಂಗತಿಯಲ್ಲ. ನಾನು ಮೊದಲು "ಚಂದಾದಾರರಾಗಿ" ಎಂದು ಬರೆದಿದ್ದೆ. ಜಯನಗರದ ಹಿರಿಯರೊಬ್ಬರು "ಚಂದಾ ಎಷ್ಟು, ಮನಿಯಾರ್ಡರ್ ಯಾವ ವಿಳಾಸಕ್ಕೆ ಕಳುಹಿಸಲಿ" ಎಂದು ಬರೆದು ಕೇಳಿದರು. ತಪ್ಪು ಅವರದಲ್ಲ, ವಾರಪತ್ರಿಕೆ, ಮಾಸಪತ್ರಿಕೆಗಳನ್ನು ತರಿಸಿ ಓದಿದ ತಲೆಮಾರಿಗೆ ಚಂದಾ ಎಂದರೆ ದುಡ್ಡು. ಅವರಂತೆ ಕೇಳದೆ ಸುಮ್ಮನೆ ಹಿಂದೆ ಸರಿದವರು ಎಷ್ಟು ಮಂದಿಯೋ! ಈಗ ಆ ಜಾಗದಲ್ಲಿ "ನನಗೂ ಕಳುಹಿಸಿ" ಎಂದಿದೆ, ಪತ್ರದ ಕೊನೆಯಲ್ಲಿ "ಇನ್ನು ಬೇಡ" ಎಂದಿದೆ.

ಕನ್ನಡದಲ್ಲಿ ಕಳುಹಿಸುವವರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಇಂಗ್ಲಿಷ್‌ನಲ್ಲಿರುವ ಮಾರ್ಗದರ್ಶಿಗಳಲ್ಲಿ ಅದರ ಸುಳಿವನ್ನು ನಾನು ಕಾಣಲಿಲ್ಲ. ಇಮೇಲಿನ ಒಡಲು ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಅದನ್ನು ನಡುವೆ ಕತ್ತರಿಸಿ, ಉಳಿದದ್ದನ್ನು ನೋಡಲು ಒಂದು ಕೊಂಡಿ ಕೊಡುತ್ತದೆ. ಗಣಕಗಳು ಈಗ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಅಕ್ಷರ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಕಾರಣವಾಗುವ ಹಲಂತ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ತೊಟ್ಟಿ' ಎಂಬುದು ಕಣ್ಣಿಗೆ ಎರಡೇ ಅಕ್ಷರ. ಗಣಕಕ್ಕೆ ಅದು ಆರು ಚಿಹ್ನೆ, 18 ಬೈಟ್. ಇಷ್ಟಾದರೂ ಬರಿಯ ಬರಹ 102 ಕಿಲೋಬೈಟ್ ಮುಟ್ಟುವುದು ಅಪರೂಪ. ಆದರೆ ಪತ್ರ ಸಿದ್ಧಪಡಿಸುವ ಕೆಲವು ಸಾಧನಗಳು ಒಂದೊಂದು ಚಿಹ್ನೆಯನ್ನೂ ಆಂಪರ್‌ಸ್ಯಾಂಡ್, ಹ್ಯಾಶ್, ನಾಲ್ಕು ಅಂಕಿ, ಸೆಮಿಕೋಲನ್ ಎಂಬ ಸಂಕೇತವಾಗಿ ಪರಿವರ್ತಿಸಿಬಿಡುತ್ತವೆ. ಆಗ ಪ್ರತಿ ಚಿಹ್ನೆಗೆ ಏಳು ಬೈಟ್, ಅದೇ ತೊಟ್ಟಿ 42 ಬೈಟ್. ಮೇಲೆ ಬಣ್ಣಬಣ್ಣದ ಟೆಂಪ್ಲೇಟಿನ ಭಾರವೂ ಸೇರಿದರೆ ಪತ್ರದ ಬಾಲ ಕತ್ತರಿಸಿಹೋಗುತ್ತದೆ, ಮತ್ತು ಬಾಲದಲ್ಲಿಯೇ "ಇನ್ನು ಬೇಡ" ಎಂಬ ಕೊಂಡಿ ಇರುವುದು. ಅದು ಕಾಣದ ಓದುಗ ಕೈಗೆಟುಕುವ ಸ್ಪ್ಯಾಮ್ ಗುಂಡಿಯನ್ನು ಒತ್ತುತ್ತಾನೆ. ಆದ್ದರಿಂದ ನನ್ನ ಪತ್ರದಲ್ಲಿ ಈಗ ಟೆಂಪ್ಲೇಟ್ ಎಂಬುದೇ ಇಲ್ಲ. ಸಾದಾ ಬರಹ, ಒಂದು ಚಿತ್ರ, ಎರಡು ಕೊಂಡಿ, ಅಷ್ಟೇ. ಹಾಗೆಯೇ ಯಾರಾದರೂ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿ ಲೇಖನ ಕಳುಹಿಸಿದರೆ ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಬೇಡಿ. ಓದುಗರ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲಾಗಿ ಮೂಡುತ್ತದೆ.

ಸ್ವಂತ ಡೊಮೈನ್, ಅಂದರೆ ನಿಮ್ಮದೇ ಜಾಲ ವಿಳಾಸ, ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ಪಟ್ಟಿಯವರಿಗೆಲ್ಲ ಪತ್ರ ಕಳುಹಿಸಿಕೊಡುವ ಸೇವೆ ಯಾವುದೇ ಇರಲಿ, ಜಿಮೇಲ್ ವಿಳಾಸವನ್ನು ಕಳುಹಿಸುವವರ ಹೆಸರಿನಲ್ಲಿ ಹಾಕಿ ಬೇರೊಂದು ಸೇವೆಯ ಮೂಲಕ ಕಳುಹಿಸುವ ಹಳೆಯ ಉಪಾಯ ಈಗ ನಡೆಯದು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮಗಳನ್ನು ಬಿಗಿಗೊಳಿಸಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಇಮೇಲ್ ಕಳುಹಿಸುವವರು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಹೊಂದಿಸಿ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯವನ್ನೂ ಕೊಡಬೇಕು. ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದರೂ ಇರಲೇಬೇಕು. ಹೆಸರು ಕೇಳಿ ಹೆದರಬೇಡಿ. ಇವು ಡೊಮೈನಿನ ಡಿಎನ್‌ಎಸ್ ಪುಟದಲ್ಲಿ, ಅಂದರೆ ಅದರ ಸೆಟ್ಟಿಂಗ್ಸ್ ಪುಟದಲ್ಲಿ, ಅಂಟಿಸಬೇಕಾದ ಮೂರು ಸಾಲುಗಳು. ಈ ಪತ್ರ ನಿಜವಾಗಿ ಈ ವಿಳಾಸದವರೇ ಹಾಕಿದ್ದು ಎಂದು ರುಜುವಾತುಪಡಿಸುವುದು ಅವುಗಳ ಕೆಲಸ. ಒಂದು ಸಂಜೆ ಸಾಕು. ಸ್ಪ್ಯಾಮ್ ದೂರು ಶೇ 0.3ಕ್ಕೆ ಮುಟ್ಟಬಾರದು ಎಂಬ ಮಾತೂ ಆ ನಿಯಮಗಳಲ್ಲಿದೆ. ಮುನ್ನೂರು ಜನರ ಪಟ್ಟಿಯಲ್ಲಿ ಒಬ್ಬರು ದೂರು ಒತ್ತಿದರೂ ಲೆಕ್ಕ ಶೇ 0.33 ಆಗುತ್ತದೆ ಎಂಬುದನ್ನು ನೋಡಿದರೆ, ಸಣ್ಣ ಪಟ್ಟಿಯವರು ಕೇಳದೆ ಒಂದು ವಿಳಾಸವನ್ನೂ ಏಕೆ ಸೇರಿಸಬಾರದು ಎಂಬುದು ತಾನೇ ಹೊಳೆಯುತ್ತದೆ.

ಎಷ್ಟು ಮಂದಿ ತೆರೆದು ಓದಿದರು ಎಂಬ ಅಂಕಿಯನ್ನು ನಂಬಬೇಡಿ. ಪತ್ರದೊಳಗೆ ಅಡಗಿಸಿಟ್ಟ ಕಾಣದ ಚಿತ್ರವೊಂದು ಇಳಿದರೆ ಪತ್ರ ತೆರೆದರು ಎಂದು ಎಣಿಸುವ ಪದ್ಧತಿ ಅದು. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರೊಂದಿಗೆ ಆ್ಯಪಲ್ ತಂದ ಗೌಪ್ಯತಾ ಸೌಲಭ್ಯವನ್ನು ಒಪ್ಪಿಕೊಂಡವರ ಮೇಲ್ ಆ್ಯಪ್, ಅವರು ಪತ್ರ ತೆರೆಯಲಿ ಬಿಡಲಿ, ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ನಾನು ಎಣಿಸುವುದು ಮರುಪತ್ರಗಳನ್ನು. ಅವರೆ ಬಿತ್ತಲು ಹೇಳಿದ ವರ್ಷ ಮೂರು ವಾರದ ನಂತರ ಒಬ್ಬರು ಮೊಳಕೆಯ ಚಿತ್ರ ಕಳುಹಿಸಿದರು. ಮತ್ತೊಬ್ಬರು ಬುಡದಲ್ಲಿ ಇರುವೆ ಸಾಲು ಹತ್ತಿದೆ ಎಂದು ಬರೆದರು; ಇರುವೆಯ ಹಿಂದೆ ಸಸ್ಯಹೇನು ಇದ್ದೀತು ಎಂದು ಎಲೆಯ ಅಡಿ ನೋಡಲು ಹೇಳಿದೆ, ಇತ್ತು. ಮುಂದಿನ ಪತ್ರಕ್ಕೆ ಅದೇ ವಿಷಯವಾಯಿತು. ಅದನ್ನು ವಿಸ್ತರಿಸಿ ಜಾಲತಾಣಕ್ಕೆ ಬರೆದ ಲೇಖನಕ್ಕೆ ಇಂದಿಗೂ ಹುಡುಕಿಕೊಂಡು ಬರುವವರಿದ್ದಾರೆ. ಹೀಗೆ ಓದುಗರ ಸಂಖ್ಯೆಗೆ ಪತ್ರದಿಂದ ಲಾಭವಾಯಿತು ಎನ್ನಬಹುದು, ಆದರೆ ಸುತ್ತುಬಳಸಿ.

ಇನ್ನು ವಾಟ್ಸ್‌ಆ್ಯಪ್. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಆದರೆ ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಗುಂಪು ಮಾಡಿದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳು ಅನೇಕರು ಈ ಕಾರಣಕ್ಕೇ ಹೊರಗುಳಿಯುತ್ತಾರೆ. ಮೇಲಾಗಿ ಶುಭೋದಯದ ಚಿತ್ರಗಳ ಅಡಿಯಲ್ಲಿ ನಿಮ್ಮ ಮಾತು ಅರ್ಧ ದಿನದಲ್ಲಿ ಹೂತುಹೋಗುತ್ತದೆ. "ನಾಳೆ ಬೆಳಿಗ್ಗೆ ಆರಕ್ಕೆ ಜಕ್ಕೂರು ಕೆರೆಯ ಬಳಿ ಸೇರೋಣ" ಎಂಬಂಥ ಸುದ್ದಿಗೆ ಅದು ಸರಿ. ಎರಡು ತಿಂಗಳ ನಂತರ ಹುಡುಕಿ ತೆಗೆದು ಮತ್ತೆ ಓದಬೇಕಾದ ಬರಹಕ್ಕೆ ಇಮೇಲ್ ವಾಸಿ.

ನಿಮ್ಮ ಜಾಲತಾಣದಲ್ಲಿ ತಿಂಗಳಿಗೊಂದಾದರೂ ಹೊಸ ಮಾತು ಹುಟ್ಟದಿದ್ದರೆ ನ್ಯೂಸ್‌ಲೆಟರ್ ಬೇಡ. ಹಳೆಯ ಲೇಖನಗಳ ಕೊಂಡಿಗಳನ್ನು ಪೋಣಿಸಿ ತಾನಾಗಿ ಹೊರಡುವ ವಾರದ ಪಟ್ಟಿಯೂ ಬೇಡ. ಅದನ್ನು ನಾನು ಆರು ತಿಂಗಳು ನಡೆಸಿದೆ, ಒಂದೂ ಮರುಪತ್ರ ಬರಲಿಲ್ಲ. ಹಣದ ಮಾತು ಹೇಳುವುದಾದರೆ, ಕೆಲವು ನೂರು ವಿಳಾಸಗಳವರೆಗೆ ಉಚಿತವಾಗಿ ಕಳುಹಿಸಲು ಬಿಡುವ ಸೇವೆಗಳಿವೆ, ನಿಮಗೆ ಸದ್ಯಕ್ಕೆ ಅಷ್ಟು ಸಾಕು.

ಸೇವೆ ಯಾವುದನ್ನು ಆರಿಸಿಕೊಂಡರೂ ಪ್ರತಿ ತಿಂಗಳ ಒಂದನೇ ತಾರೀಕು ವಿಳಾಸಗಳ ಪಟ್ಟಿಯನ್ನು ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಕಡತವಾಗಿ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬ್ಲಾಗರ್‌ನಲ್ಲಿದ್ದ ಎಷ್ಟೋ ಕನ್ನಡ ಬ್ಲಾಗುಗಳ ಪಕ್ಕದಲ್ಲಿ ಇಮೇಲ್ ತುಂಬುವ ಪೆಟ್ಟಿಗೆಯೊಂದು ಇರುತ್ತಿತ್ತು, ನೆನಪಿರಬಹುದು. ಅದರ ಹಿಂದೆ ದುಡಿಯುತ್ತಿದ್ದ ಫೀಡ್‌ಬರ್ನರ್ 2021ರ ಜುಲೈನಲ್ಲಿ ಇಮೇಲ್ ಕಳುಹಿಸುವುದನ್ನು ನಿಲ್ಲಿಸಿತು. ಪತ್ರ ಕಳುಹಿಸುವ ಇಂಥವೇ ಸೇವೆಗಳಾದ, ಟ್ವಿಟರ್ ಕೊಂಡಿದ್ದ ರೆವ್ಯೂ 2023ರ ಜನವರಿಯಲ್ಲಿ, ಟೈನಿಲೆಟರ್ 2024ರ ಫೆಬ್ರುವರಿಯಲ್ಲಿ ಮುಚ್ಚಿದವು. ಪಟ್ಟಿ ಇಳಿಸಿಕೊಂಡಿದ್ದವರು ಬೇರೆ ಸೇವೆಗೆ ಹೋಗಿ ಮುಂದಿನ ಪತ್ರವನ್ನು ಅದೇ ಓದುಗರಿಗೆ ಹಾಕಿದರು, ಏಕೆಂದರೆ ಇಮೇಲ್ ವಿಳಾಸ ಆ ಕಂಪನಿಗಳ ಸೊತ್ತಾಗಿರಲಿಲ್ಲ. ಫೇಸ್‌ಬುಕ್ ಪುಟದ ಅನುಯಾಯಿಗಳನ್ನು ಹೀಗೆ ಕಡತ ಮಾಡಿ ಕೊಂಡೊಯ್ಯಲಾಗದು.

ಮೊದಲ ಪತ್ರವನ್ನು ಆಗಸ್ಟ್ ನಡುವಿನಲ್ಲಿ, ಸಿಪಿಲೆ ಬರುವ ಮೊದಲು ಕಳುಹಿಸಿ, ಯಾವ ಕೆರೆಯ ಯಾವ ದಂಡೆಯಲ್ಲಿ ಎಷ್ಟು ಹೊತ್ತಿಗೆ ಕಾಯಬೇಕೆಂದು ಬರೆಯಿರಿ, ಕಂಡವರು ತಿಳಿಸಿ ಎಂದು ಕೊನೆಗೆ ಒಂದು ಸಾಲು ಸೇರಿಸಿ. ಪೆಟ್ಟಿಗೆ ಇಟ್ಟ ದಿನ ನನಗೂ ತಿಳಿಸಿ, ನನ್ನ ವಿಳಾಸವನ್ನು ತುಂಬುತ್ತೇನೆ. ಕಳೆದ ವರ್ಷ ನಮ್ಮ ತಾರಸಿಯ ತೊಟ್ಟಿಯ ಅಂಚಿನಲ್ಲಿ ಹಳದಿ ಹೊಟ್ಟೆಯ ಸಣ್ಣ ಹಕ್ಕಿಯೊಂದು ಬಾಲ ಕುಣಿಸುತ್ತ ಎರಡು ದಿನ ಓಡಾಡಿಕೊಂಡಿತ್ತು. ಅದು ಸಿಪಿಲೆಯೇ ಎಂದು ನಿಮ್ಮನ್ನು ಕೇಳುವುದಿದೆ.