ಹಾಟ್ ಆಯಿಲ್ ಸಿಸ್ಟಮ್‌ನ ಮುಖ್ಯ ಲೈನಿಗೆ 10 ಮೈಕ್ರಾನ್ ಫಿಲ್ಟರ್ ಹಾಕಬಹುದೇ?

280 ಡಿಗ್ರಿಯಲ್ಲಿ ಓಡುವ ಥರ್ಮಿಕ್ ಫ್ಲೂಯಿಡ್ ಹೀಟರಿನ (ಎಣ್ಣೆ ಕಾಯಿಸಿ ಸುತ್ತಿಸುವ ಹೀಟರ್) ಸ್ಟ್ರೈನರ್‌ನಲ್ಲಿ (ಜಾಲರಿ ಸೋಸುಕ) ಪದೇಪದೇ ಕರಿ ಸಿಗುತ್ತಿದೆ, ಮುಖ್ಯ ಲೈನಿಗೇ 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಫಿಲ್ಟರ್ ಕೂರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಕೂರಿಸಬೇಡಿ. ಅದು ಕಟ್ಟಿಕೊಂಡಂತೆ ಹೀಟರಿನ ಕಾಯಿಲ್‌ನಲ್ಲಿ (ಎಣ್ಣೆ ಕಾಯುವ ಸುರುಳಿ ಕೊಳವೆ) ಎಣ್ಣೆಯ ವೇಗ ಇಳಿಯುತ್ತದೆ, ಕೊಳವೆಯ ಗೋಡೆಗೆ ತಾಗಿದ ಎಣ್ಣೆಯ ಪದರ ಮಿತಿಮೀರಿ ಕಾದು ಒಡೆಯುತ್ತದೆ, ಇನ್ನಷ್ಟು ಕರಿ ಹುಟ್ಟುತ್ತದೆ. ಪಂಪಿನ ಸಕ್ಷನ್‌ನಲ್ಲಿ (ಎಣ್ಣೆ ಹೀರುವ ಕಡೆ) ಹಾಕಿದರೆ ಇನ್ನೂ ಕಷ್ಟ: ಕ್ಯಾವಿಟೇಶನ್ (ಎಣ್ಣೆಯಲ್ಲಿ ಆವಿಗುಳ್ಳೆ ಎದ್ದು ಒಡೆಯುವುದು) ಆಗಿ ಸೀಲು, ಇಂಪೆಲ್ಲರ್ ಹಾಳಾಗುತ್ತವೆ.

ಸಕ್ಷನ್‌ನ ವೈ-ಸ್ಟ್ರೈನರ್ ಇರುವುದು ವೆಲ್ಡಿಂಗ್ ಚೂರು, ಗ್ಯಾಸ್ಕೆಟ್ ತುಂಡುಗಳಿಂದ ಪಂಪನ್ನು ಕಾಯಲು. 60 ಮೆಶ್ (ಇಂಚಿಗೆ 60 ಕಣ್ಣಿನ ಜಾಲರಿ) ಎಂದರೆ ಸುಮಾರು 250 ಮೈಕ್ರಾನ್. ಎಣ್ಣೆಯಲ್ಲಿ ತೇಲುವ ಮಸಿಯಲ್ಲಿ ಬಹುಪಾಲು ಅದರೊಳಗೆ ನುಸುಳಿ ಹೋಗುತ್ತದೆ. ಆ ಸ್ಟ್ರೈನರನ್ನು ಹಾಗೇ ಇರಲು ಬಿಡಿ.

ಮಸಿ ಹಿಡಿಯಲು ಬೇಕಾದದ್ದು ಪಕ್ಕದ ಲೈನಿನ ಫಿಲ್ಟರ್. ಪಂಪಿನ ಡೆಲಿವರಿಯಿಂದ (ಎಣ್ಣೆ ಹೊರದೂಡುವ ಕಡೆ) ಸಣ್ಣ ಪೈಪ್ ತೆಗೆದು, ಫಿಲ್ಟರ್ ದಾಟಿಸಿ, ಸಕ್ಷನ್ ಕಡೆಗೆ ಸೇರಿಸಿ. ಒತ್ತಡದ ವ್ಯತ್ಯಾಸ ಅಲ್ಲೇ ಇರುವುದರಿಂದ ಬೇರೆ ಪಂಪ್ ಬೇಡ. ಒಟ್ಟು ಹರಿವಿನ 1ರಿಂದ 3 ಶೇಕಡಾ ಸಾಕು. ಉದಾಹರಣೆಗೆ ಗಂಟೆಗೆ 60,000 ಲೀಟರಿನ ಪಂಪು, ಸಿಸ್ಟಮ್‌ನಲ್ಲಿ 3,000 ಲೀಟರ್ ಎಣ್ಣೆ ಇದ್ದರೆ, 2 ಶೇಕಡಾ ಅಂದರೆ ಗಂಟೆಗೆ 1,200 ಲೀಟರ್. ಎರಡೂವರೆ ಗಂಟೆಯಲ್ಲಿ ಎಣ್ಣೆಯಷ್ಟೇ ಪ್ರಮಾಣ ಫಿಲ್ಟರ್ ದಾಟುತ್ತದೆ. ಎರಡೂ ಬದಿ ಐಸೊಲೇಶನ್ ವಾಲ್ವ್, ಒಳಬರುವ ಕಡೆ ಹರಿವು ಕಡಿಮೆ ಮಾಡಲು ಗ್ಲೋಬ್ ವಾಲ್ವ್, ಮೇಲೆ ವೆಂಟ್ (ಗಾಳಿ ಬಿಡುವ ದ್ವಾರ), ಕೆಳಗೆ ಡ್ರೈನ್, ಹೌಸಿಂಗ್‌ಗೆ ಡಿಪಿ ಗೇಜ್ (ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ತೋರುವ ಮಾಪಕ), ಇಷ್ಟು ತಪ್ಪದೆ ಇರಲಿ.

ಫಿಲ್ಟರಿನೊಳಗೆ ಹಾಕುವ ಕಾರ್ಟ್ರಿಡ್ಜ್ ಗ್ಲಾಸ್ ಫೈಬರ್ ಸುತ್ತಿದ್ದು, ಒಳಕೋರ್ ಸ್ಟೇನ್‌ಲೆಸ್ ಸ್ಟೀಲಿನದು ಆಗಿರಬೇಕು. ಹತ್ತಿ, ಪಾಲಿಪ್ರೊಪಿಲೀನ್ ಈ ಬಿಸಿಗೆ ನಿಲ್ಲವು. ಹೌಸಿಂಗ್ ಸ್ಟೀಲಿನದೇ ಇರಲಿ, ಎರಕದ ಕಬ್ಬಿಣ ಬೇಡ. ಗ್ಯಾಸ್ಕೆಟ್ ಗ್ರಾಫೈಟ್ ತುಂಬಿದ ಸ್ಪೈರಲ್ ವೌಂಡ್. ಫಿಲ್ಟರಿನ ಫ್ಲಾಂಜ್‌ಗಳಿಗೆ ಉಣ್ಣೆಯಂತಹ ಇನ್ಸುಲೇಶನ್ ಸುತ್ತಬೇಡಿ: ಸೋರಿದ ಎಣ್ಣೆ ಅದರಲ್ಲಿ ನೆನೆದು ತಾನಾಗಿ ಹೊತ್ತಿಕೊಳ್ಳುವುದುಂಟು.

ಎಣ್ಣೆ ಈಗಾಗಲೇ ಕೊಳಕಾಗಿದ್ದರೆ ಮೊದಲೇ 10 ಮೈಕ್ರಾನ್ ಹಾಕಿದರೆ ತಾಸುಗಳಲ್ಲೇ ಕಟ್ಟಿಕೊಂಡೀತು. 100ರಿಂದ ಶುರುಮಾಡಿ 50, 25, ಕೊನೆಗೆ 10ಕ್ಕೆ ಇಳಿಸಿ. ಬದಲಿಸಬೇಕಾದ ಡಿಪಿ ಎಷ್ಟೆಂದು ತಯಾರಕರು ಹೇಳುತ್ತಾರೆ, ಸಾಮಾನ್ಯವಾಗಿ 1.5ರಿಂದ 2 ಬಾರ್. ಕೊಳಕು ಎಣ್ಣೆಯಲ್ಲೂ ಡಿಪಿ ಏರದಿದ್ದರೆ ಖುಷಿಪಡಬೇಡಿ. ಕಾರ್ಟ್ರಿಡ್ಜ್‌ನ ತುದಿ ಸರಿಯಾಗಿ ಕೂರದೆ ಎಣ್ಣೆ ಸುತ್ತು ಹಾಕಿ ಹೋಗುತ್ತಿರಬಹುದು.

ತೆರೆಯುವ ಮುನ್ನ ಎರಡೂ ವಾಲ್ವ್ ಮುಚ್ಚಿ, 60 ಡಿಗ್ರಿಗಿಂತ ಕೆಳಗೆ ತಣಿಸಿ, ವೆಂಟ್ ತೆರೆದು, ಡ್ರೈನ್ ಮಾಡಿ. ಹೊಸ ಕಾರ್ಟ್ರಿಡ್ಜ್‌ನಲ್ಲಿ ತೇವ ಇರಕೂಡದು. ಬಿಸಿ ಎಣ್ಣೆ ತಾಗಿದ ನೀರು ಕ್ಷಣದಲ್ಲಿ ಹಬೆಯಾಗಿ ಎಣ್ಣೆಯನ್ನು ಎರಚುತ್ತದೆ. ವಾಲ್ವನ್ನು ನಿಧಾನವಾಗಿ, ಗಾಳಿ ಹೊರಹೋಗುವಷ್ಟೇ ತೆರೆಯಿರಿ.

ಕಾಯಿಲ್‌ಗೆ ಅಂಟಿದ ಕರಿ, ಕರಗಿದ ಆಮ್ಲ, ಇಳಿದ ಫ್ಲ್ಯಾಶ್ ಪಾಯಿಂಟ್ (ಎಣ್ಣೆಯ ಆವಿ ಕಿಡಿಗೆ ಹೊತ್ತುವ ತಾಪಮಾನ) ಯಾವುದನ್ನೂ ಫಿಲ್ಟರ್ ಸರಿಮಾಡದು. ಅದಕ್ಕೆ ಎಣ್ಣೆಯ ಆಮ್ಲಾಂಕ, ಸ್ನಿಗ್ಧತೆ, ಫ್ಲ್ಯಾಶ್ ಪಾಯಿಂಟ್ ಪರೀಕ್ಷೆ ಮಾಡಿಸಿ. ವಾರಗಳಾದರೂ ಕಾರ್ಟ್ರಿಡ್ಜ್ ಬೇಗ ತುಂಬುತ್ತಿದ್ದರೆ ಎರಡು ಕಡೆ ನೋಡಿ. ಗಾಳಿಗೆ ತೆರೆದ ಎಕ್ಸ್‌ಪ್ಯಾನ್ಶನ್ ಟ್ಯಾಂಕ್ (ಕಾದು ಹಿಗ್ಗಿದ ಎಣ್ಣೆಗೆ ಜಾಗ ಕೊಡುವ ತೊಟ್ಟಿ) 60 ಡಿಗ್ರಿಗಿಂತ ಬಿಸಿಯಾಗುತ್ತಿದ್ದರೆ ಎಣ್ಣೆ ಆಕ್ಸಿಡೀಕರಣಗೊಳ್ಳುತ್ತಿದೆ, ಟ್ಯಾಂಕಿಗೆ ನೈಟ್ರೋಜನ್ ಹೊದಿಕೆ ಕೊಡಿ. ಬರ್ನರ್ ಆರಿಸಿದ ಕೂಡಲೇ ಪಂಪ್ ನಿಲ್ಲಿಸುವ ರೂಢಿ ಇದ್ದರೆ ಬಿಡಿಸಿ. ಎಣ್ಣೆ ಸುಮಾರು 100 ಡಿಗ್ರಿಗೆ ಇಳಿಯುವವರೆಗೂ ಪಂಪ್ ಓಡುತ್ತಿರಲಿ.