ಬಿಟಿ ಹತ್ತಿಯಲ್ಲೂ ಗುಲಾಬಿ ಹುಳ ಯಾಕೆ? 'ಹುಳಕ್ಕೆ ರೂಢಿ ಆಗೇತಿ' ಅನ್ನೋದರ ಒಳಗಿನ ಲೆಕ್ಕ

ಪ್ರಶ್ನೆ: ನಮ್ಮದು ಸವದತ್ತಿ ಕಡೆ, ನಾಲ್ಕು ಎಕರೆ ಎರಿ ಹೊಲ, ಬಿಟಿ ಹತ್ತಿ. ನವೆಂಬರ್‌ದಾಗ ಕಾಯಿ ಒಡೆದು ನೋಡಿದರ ಒಳಗ ಗುಲಾಬಿ ಹುಳ. ಅಂಗಡಿಯವರು 'ಹುಳಕ್ಕ ಬಿಟಿ ರೂಢಿ ಆಗೇತಿ, ಜೋರಿನ ಎಣ್ಣಿ ಹೊಡೀರಿ' ಅಂತಾರ. ವಿಕಾಸಕ್ಕ ಲಕ್ಷಾಂತರ ವರ್ಷ ಬೇಕು ಅಂತ ಕಾಲೇಜಿನಾಗ ಓದೇನಿ. ಇಷ್ಟು ಲಗೂ ಹೆಂಗ ಆಗ್ತೈತಿ? ಎರಡು ವರ್ಷ ಬಿಟಿ ಹಾಕೋದು ಬಿಟ್ಟರ ಹುಳ ಮತ್ತ ಮೊದಲಿನಂಗ ಆಗ್ತದೇನು?

ಉತ್ತರ:

'ರೂಢಿ' ಅನ್ನೋ ಮಾತೇ ದಾರಿ ತಪ್ಪಿಸುತ್ತದೆ ನೋಡ್ರಿ. ಖಾರ ತಿಂದು ತಿಂದು ಮನುಷ್ಯನಿಗೆ ರೂಢಿಯಾಗುತ್ತದೆ. ಅದು ಒಬ್ಬನದೇ ಆಯುಷ್ಯದಲ್ಲಿ ನಡೆಯುವ ಸಂಗತಿ. ಬಿಟಿ ತಿಂದ ಮರಿಹುಳಕ್ಕೆ ಅಷ್ಟು ಪುರಸತ್ತೇ ಇಲ್ಲ. ಬಿಟಿ ಪ್ರೋಟೀನು (ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದರಿಂದ ಹತ್ತಿ ಗಿಡವೇ ತಯಾರಿಸುವ ವಿಷ) ಅದರ ಕರುಳಿನ ಒಳಪದರದಲ್ಲಿರುವ ಗ್ರಾಹಕಗಳಿಗೆ ಅಂಟಿ ತೂತು ಮಾಡುತ್ತದೆ, ಹುಳ ಮೇವು ಬಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಸತ್ತದ್ದು ಏನನ್ನೂ ಕಲಿಯುವುದಿಲ್ಲ, ಮರಿಗೆ ದಾಟಿಸುವುದೂ ಇಲ್ಲ.

ಆದರೆ ಕೋಟಿಗಟ್ಟಲೆ ಹುಳಗಳಲ್ಲಿ ಎಲ್ಲೋ ಒಂದರ ಗ್ರಾಹಕ ಹುಟ್ಟಾ ಕೆಟ್ಟಿರುತ್ತದೆ. ಜೀನ್ ನಕಲಾಗುವಾಗ ಆದ ತಪ್ಪು, ಅಷ್ಟೇ. ಬಿಟಿ ಇಲ್ಲದ ಕಾಲದಲ್ಲಿ ಆ ತಪ್ಪಿನಿಂದ ಲಾಭವಿರಲಿಲ್ಲ, ಸ್ವಲ್ಪ ನಷ್ಟವೇ ಇತ್ತು. ಬಿಟಿ ಬಂದ ಮೇಲೆ ಅದೇ ತಪ್ಪು ಜೀವ ಉಳಿಸಿತು: ಪ್ರೋಟೀನು ಅಂಟಲು ಜಾಗವೇ ಇಲ್ಲ. ನಮ್ಮ ದೇಶದ ಗುಲಾಬಿ ಹುಳಗಳಲ್ಲಿ ಕ್ರೈ1ಎಸಿ ಎಂಬ ಮೊದಲ ಬಿಟಿ ಪ್ರೋಟೀನಿಗೆ ನಿರೋಧ ಬಂದಿರುವುದು ಕ್ಯಾಡ್‌ಹೆರಿನ್ ಎಂಬ ಜೀನಿನ ಕೆಡುಕಿನಿಂದ, ಆಮೇಲೆ ಜೊತೆಗೆ ಸೇರಿಸಿದ ಕ್ರೈ2ಎಬಿ ಎಂಬ ಎರಡನೆಯದಕ್ಕೆ ಎಬಿಸಿಎ2 ಎಂಬ ಇನ್ನೊಂದು ಜೀನಿನ ಕೆಡುಕಿನಿಂದ. ಕ್ಯಾಡ್‌ಹೆರಿನ್ ಕೂಡ ಒಂದೇ ರೀತಿ ಕೆಟ್ಟಿಲ್ಲ, ಬಗೆಬಗೆಯಾಗಿ ಕೆಟ್ಟಿದೆ. ಹುಳ ಉಪಾಯ ಹುಡುಕಿದ್ದಾಗಿದ್ದರೆ ಇಷ್ಟು ಅಡ್ಡಾದಿಡ್ಡಿ ಇರುತ್ತಿರಲಿಲ್ಲ.

ಬದಲಾವಣೆ ವಿಷಕ್ಕಿಂತ ಮೊದಲೇ ಇರುತ್ತದೆ ಎಂಬುದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳಲ್ಲಿ ತೋರಿಸಿದರು. ಬೇರೆ ಬೇರೆ ನಳಿಕೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಆಮೇಲೆ ಅವನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ವೈರಸ್ ಕಂಡ ಮೇಲೆ ಕಲಿಯುವುದಾಗಿದ್ದರೆ ಎಲ್ಲ ನಳಿಕೆಗಳಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬದುಕಬೇಕಿತ್ತು. ಆದದ್ದು ಹಾಗಲ್ಲ. ಎಷ್ಟೋ ನಳಿಕೆಗಳಲ್ಲಿ ಒಂದೂ ಇಲ್ಲ, ಕೆಲವೇ ಕೆಲವದರಲ್ಲಿ ರಾಶಿ. ಯಾವ ನಳಿಕೆಯಲ್ಲಿ ತಪ್ಪು ಬೇಗ ಆಗಿತ್ತೋ ಅಲ್ಲಿ ಅದರ ಸಂತಾನ ಅಷ್ಟು ಬೆಳೆದಿತ್ತು.

ಈಗ ನಿಮ್ಮ 'ಲಗೂ' ಪ್ರಶ್ನೆಗೆ ಬರೋಣ. ವಿಕಾಸದ ಗಡಿಯಾರ ಎಣಿಸುವುದು ವರ್ಷವನ್ನಲ್ಲ, ತಲೆಮಾರನ್ನು. ಗುಲಾಬಿ ಹುಳದ ಮೊಟ್ಟೆಯಿಂದ ಪತಂಗದವರೆಗಿನ ಸುತ್ತು ಸುಮಾರು 4–5 ವಾರ. ಒಂದು ಹಂಗಾಮಿಗೆ ನಾಲ್ಕೈದು ತಲೆಮಾರು. ಭಾರತದಲ್ಲಿ ಮೊದಲ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಗುಜರಾತಿನ ಹೊಲಗಳಲ್ಲಿ ಕ್ರೈ1ಎಸಿ ನಿರೋಧ ಖಚಿತವಾದದ್ದು 2008–09ರ ಹಂಗಾಮಿನ ಹುಳಗಳಲ್ಲಿ. ಅಂದರೆ ಸುಮಾರು 30 ತಲೆಮಾರು. ಮನುಷ್ಯರಿಗೆ 25 ವರ್ಷಕ್ಕೊಂದು ತಲೆಮಾರು ಅಂತ ಹಿಡಿದರೆ ಅದು 750 ವರ್ಷವಾಗುತ್ತದೆ. ಜೊತೆಗೆ ಜರಡಿ ಎಷ್ಟು ಬಿಗಿ ಎಂಬುದೂ ಮುಖ್ಯ. ನಿಸರ್ಗದಲ್ಲಿ ಒಂದು ಗುಣ ನೂರಕ್ಕೆ ಒಂದೆರಡು ಮರಿ ಹೆಚ್ಚು ಉಳಿಸಿದರೂ ಬಲವಾದ ಆಯ್ಕೆಯೇ. ಬಿಟಿ ಹೊಲದಲ್ಲಿ ಆ ಗುಣ ಇಲ್ಲದವು ಹೆಚ್ಚುಕಡಿಮೆ ಎಲ್ಲ ಸಾಯುತ್ತವೆ. ಕಾಲೇಜಿನ ಪುಸ್ತಕ ತಪ್ಪು ಹೇಳಿಲ್ಲ. ಒಂದು ಜೀವಿ ಬೇರೆಯೇ ಜಾತಿಯಾಗಿ ಒಡೆಯಲು ಸಾಮಾನ್ಯವಾಗಿ ಬಹಳ ಕಾಲ ಬೇಕು. ನಿಮ್ಮ ಹೊಲದ ಹುಳ ಇನ್ನೂ ಅದೇ ಗುಲಾಬಿ ಹುಳ, ಹಳೆಯ ಹುಳದ ಜೊತೆ ಕೂಡುತ್ತದೆ, ಮರಿ ಹಾಕುತ್ತದೆ. ಬದಲಾದದ್ದು ಒಟ್ಟು ಹುಳಗಳಲ್ಲಿ ಕೆಟ್ಟ ಗ್ರಾಹಕದವುಗಳ ಪಾಲು.

ಆ ಪಾಲಿನ ಲೆಕ್ಕ ಒಮ್ಮೆ ಹಾಕಿ ನೋಡಿ, ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಪ್ರತಿ ಹುಳದಲ್ಲಿ ಆ ಜೀನಿನ ಎರಡು ಪ್ರತಿ, ತಾಯಿಯದೊಂದು, ತಂದೆಯದೊಂದು. ಎರಡೂ ಕೆಟ್ಟಿದ್ದರೆ ಮಾತ್ರ ಹುಳ ಬಿಟಿಯಲ್ಲಿ ಬದುಕುತ್ತದೆ. ಒಂದು ಸರಿ ಇದ್ದರೂ, ಗಿಡದಲ್ಲಿ ವಿಷ ಪೂರಾ ಇದ್ದಾಗ, ಸಾಯುತ್ತದೆ. ಕೆಟ್ಟ ಪ್ರತಿ ಸಾವಿರಕ್ಕೆ ಒಂದು ಇದೆ ಅಂತ ಉದಾಹರಣೆಗೆ ಹಿಡಿಯಿರಿ. ಎರಡೂ ಕೆಟ್ಟ ಹುಳ 10 ಲಕ್ಷಕ್ಕೆ ಒಂದು. ಒಂದೇ ಕೆಟ್ಟದ್ದು 10 ಲಕ್ಷಕ್ಕೆ ಸುಮಾರು 2,000. ಊರ ತುಂಬ ಬರೇ ಬಿಟಿ ಇದ್ದರೆ ಉಳಿಯುವ ಪತಂಗಗಳೆಲ್ಲ ಎರಡೂ ಕೆಟ್ಟವೇ. ಅವು ತಮ್ಮೊಳಗೇ ಕೂಡುತ್ತವೆ, ಮರಿಗಳೂ ನೂರಕ್ಕೆ ನೂರು ಅಂಥವೇ. ಪಕ್ಕದಲ್ಲಿ ಬಿಟಿ ಇಲ್ಲದ ಹತ್ತಿ ಇದ್ದರೆ ಅಲ್ಲಿಂದ ಸಾವಿರಾರು ಸಾದಾ ಪತಂಗ ಏಳುತ್ತವೆ. ಬಿಟಿಯಿಂದ ಎದ್ದ ಆ ಒಂದಕ್ಕೆ ಜೋಡಿ ಸಿಗುವುದು ಬಹುತೇಕ ಸಾದಾ ಪತಂಗವೇ. ಮರಿಗಳಲ್ಲಿ ಒಂದು ಪ್ರತಿ ಕೆಟ್ಟದ್ದು, ಒಂದು ಸರಿ. ಬಿಟಿ ಗಿಡದ ಮೇಲೆ ಹುಟ್ಟಿದರೆ ಸತ್ತವು.

ಬಿಟಿ ಪ್ಯಾಕೆಟ್ಟಿನೊಳಗೆ 450 ಗ್ರಾಂ ಬಿಟಿ ಬೀಜದ ಜೊತೆ ಬಿಟಿ ಇಲ್ಲದ ಹತ್ತಿ ಬೀಜದ 120 ಗ್ರಾಂನ ಬೇರೆ ಪೊಟ್ಟಣ ಬರುತ್ತಿದ್ದದ್ದು ಇದಕ್ಕೇ. ನಿಯಮ ಹೀಗಿತ್ತು: ಸುತ್ತಲೂ ಐದು ಸಾಲು ಅಥವಾ ಹೊಲದ ನೂರಕ್ಕೆ 20 ಭಾಗ, ಯಾವುದು ಹೆಚ್ಚೋ ಅಷ್ಟು. ಹೆಚ್ಚಿನವರು ಆ ಪೊಟ್ಟಣ ಬಿತ್ತಲೇ ಇಲ್ಲ. ಹುಳಕ್ಕೆ ಮೇವು ಬೆಳೆದು ಕೊಡಿ ಅಂದರೆ ಯಾರಿಗೆ ಸರಿ ಅನಿಸೀತು? ಕೆಲವು ಪ್ಯಾಕೆಟ್ಟುಗಳಲ್ಲಿ ಹತ್ತಿಯ ಬದಲು ತೊಗರಿ ಬೀಜ ಇರುತ್ತಿತ್ತು, ಅದಕ್ಕೂ ಅನುಮತಿ ಇತ್ತು. ನನ್ನ ದೃಷ್ಟಿಯಲ್ಲಿ ಗುಲಾಬಿ ಹುಳದ ಮಟ್ಟಿಗೆ ಅದು ಶುದ್ಧ ವ್ಯರ್ಥ. ಗುಲಾಬಿ ಹುಳದ ಬಾಳುವೆ ಹತ್ತಿಯ ಮೇಲೆ, ಸ್ವಲ್ಪ ಬೆಂಡಿಯ ಮೇಲೆ. ತೊಗರಿ ತಿನ್ನುವುದು ಹಸಿರು ಕಾಯಿಕೊರಕ, ನೀವು ಕೀಡಿ ಅನ್ನುವುದು. ವಿಜಯಪುರ, ಬಾಗಲಕೋಟೆ ಕಡೆಯ ತೊಗರಿ, ಕಡಲೆ, ಸೂರ್ಯಕಾಂತಿ ಹೊಲಗಳೆಲ್ಲ ಬಿಟಿ ಇಲ್ಲದವೇ. ಅಲ್ಲಿಂದ ಕೀಡಿಯ ಸಾದಾ ಪತಂಗಗಳು ಹಿಂಡುಗಟ್ಟಿ ಏಳುತ್ತಲೇ ಇರುತ್ತವೆ. ಒಂದೇ ಬಿಟಿ, ಒಂದೇ ಊರು, ಆದರೂ ಗುಲಾಬಿ ಹುಳ ಮೊದಲು ಪಾರಾದದ್ದಕ್ಕೆ ಈ ಮೇವಿನ ವ್ಯತ್ಯಾಸ ದೊಡ್ಡ ಕಾರಣ. ಹಾಗಂತ ಕೀಡಿ ಸಾಧುವಲ್ಲ, 1980ರ ದಶಕದ ಕೊನೆಗೆ ಆಂಧ್ರದ ಹತ್ತಿಯಲ್ಲಿ ಪೈರಿಥ್ರಾಯ್ಡ್ ಔಷಧಗಳನ್ನು ಜೀರ್ಣಿಸಿಕೊಂಡದ್ದು ಅದೇ.

ಇನ್ನೊಂದು ಕಾರಣ ಕಾಯಿಯ ಒಳಗೇ ಇದೆ, ಇದನ್ನು ಹೇಳುವವರು ಕಡಿಮೆ. ನಮ್ಮಲ್ಲಿ ಹತ್ತಿ ಅಂದರೆ ಹೈಬ್ರಿಡ್. 1972ರಲ್ಲಿ ಧಾರವಾಡದಲ್ಲಿ ಕಾಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಂದಾಗಿನಿಂದ ಈ ಸೀಮೆಗೆ ಹೈಬ್ರಿಡ್ ಹೊಸದಲ್ಲ. ಹೈಬ್ರಿಡ್ ಗಿಡದಲ್ಲಿ ಪ್ರತಿ ಬಿಟಿ ಜೀನಿನ ಒಂದೇ ಪ್ರತಿ ಇರುತ್ತದೆ. ಆ ಗಿಡದ ಕಾಯಿಯೊಳಗಿನ ಬೀಜ ಮುಂದಿನ ತಲೆಮಾರು, ಅಲ್ಲಿ ಜೀನುಗಳು ಹಂಚಿಹೋಗುತ್ತವೆ. ಎರಡು ಜೀನಿನ ಬಿಟಿಯಲ್ಲಿ ಪ್ರತಿ 16 ಬೀಜಕ್ಕೆ 9ರಲ್ಲಿ ಎರಡೂ ವಿಷ, 3ರಲ್ಲಿ ಒಂದು ಮಾತ್ರ, ಇನ್ನು 3ರಲ್ಲಿ ಇನ್ನೊಂದು ಮಾತ್ರ, 1ರಲ್ಲಿ ಯಾವುದೂ ಇಲ್ಲ. ಕಾಯಿಗೆ 32 ಬೀಜ ಅಂತ ಹಿಡಿದರೆ ಎರಡು ಬೀಜ ಪೂರ್ತಿ ಸಾದಾ, 12 ಬೀಜ ಅರೆಬರೆ. ಗುಲಾಬಿ ಹುಳ ಎಲೆ ಮೇಯುವುದಿಲ್ಲ, ಬೀಜವನ್ನೇ ಕೊರೆಯುತ್ತದೆ. ಎರಡು ಬೀಗ ಹಾಕಿದ ಬಾಗಿಲಲ್ಲಿ ಅಲ್ಲಲ್ಲಿ ಒಂದೇ ಬೀಗ, ಎಲ್ಲೋ ಬರೇ ಕದ. ಒಂದೊಂದಾಗಿ ಬೀಗ ಒಡೆಯುವವರಿಗೆ ಅದಕ್ಕಿಂತ ಅನುಕೂಲ ಇಲ್ಲ. ಎರಡು ಜೀನಿನ ಬಿಟಿ 2006ರಲ್ಲಿ ಬಂತು. ಸುಮಾರು 2014–15ರ ಹೊತ್ತಿಗೆ ಅದರಲ್ಲೂ ಹುಳ ಉಳಿಯತೊಡಗಿತು.

ಮೂರನೆಯದು ಬೆಳೆಯ ವಯಸ್ಸು. ಬಿತ್ತಿ 110 ದಿನ ದಾಟುವ ಹೊತ್ತಿಗೆ ಗಿಡದಲ್ಲಿ ಕ್ರೈ1ಎಸಿ ಇಳಿದಿರುತ್ತದೆ, ಹೂವು-ಕಾಯಿಯಲ್ಲಂತೂ ಎಲೆಗಿಂತ ಕಡಿಮೆ. ವಿಷ ಇಳಿದಾಗ ಒಂದೇ ಪ್ರತಿ ಕೆಟ್ಟ ಹುಳವೂ ಬದುಕುತ್ತದೆ. ಮೇಲಿನ ಲೆಕ್ಕದಲ್ಲಿ 10 ಲಕ್ಷಕ್ಕೆ ಒಂದಿದ್ದದ್ದು ಒಮ್ಮೆಲೇ ಎರಡು ಸಾವಿರವಾಯಿತು! ಕಾಲುವೆ ನೀರು ಸಿಕ್ಕಿತೆಂದು ಫೆಬ್ರವರಿ-ಮಾರ್ಚ್‌ವರೆಗೆ ಹತ್ತಿ ಎಳೆಯುವುದು, ಕುಳೆ ಬಿಡುವುದು ಆ ಎರಡು ಸಾವಿರವನ್ನು ಕೂತು ಸಾಕಿದಂತೆ.

ನಿಮ್ಮ ಹೊಲದಲ್ಲಿ ಆಗಿರುವುದು ನಿಜಕ್ಕೂ ನಿರೋಧವೋ ಅಲ್ಲವೋ ಮೊದಲು ನೋಡಿಕೊಳ್ಳಿ. ಎಕರೆಗೆ 20 ಹಸಿರು ಕಾಯಿ, ಒಂದೇ ಕಡೆಯಲ್ಲ, ಹೊಲವೆಲ್ಲ ಅಡ್ಡಾಡಿ, ಒಂದು ಗಿಡಕ್ಕೆ ಒಂದರಂತೆ ಕೀಳಿ. ಎರಡು-ಮೂರು ವಾರದ ಕಾಯಿ ಇರಲಿ. ಒಡೆದು ಎಣಿಸಿ. ಸಣ್ಣ ಬಿಳಿ ಮರಿ ಕಂಡರೆ ಅದೊಂದೇ ಸಾಕ್ಷಿಯಲ್ಲ, ಅದು ನಾಳೆ ಸಾಯುವುದಿರಬಹುದು. ಗುಲಾಬಿ ಪಟ್ಟೆ ಬಂದ ದೊಡ್ಡ ಹುಳ ಜೀವಂತ ಇದ್ದರೆ ಅದು ಬಿಟಿ ತಿಂದೇ ಬೆಳೆದದ್ದು. ಆದರೆ ಗಿಡ ಬಿಟಿಯೇ ಹೌದೋ ಎಂಬುದೂ ಖಾತ್ರಿಯಾಗಬೇಕು, ಕಳಪೆ ಬೀಜಕ್ಕೆ ಬರವಿಲ್ಲ. ಎಲೆ ಅರೆದು ಪಟ್ಟಿ ಅದ್ದಿ ನೋಡುವ ಪರೀಕ್ಷಾ ಕಿಟ್ ಇದೆ; ಅದಕ್ಕೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. 20ರಲ್ಲಿ 2 ಕಾಯಿ ಹುಳ ಹಿಡಿದಿದ್ದರೆ ಸಿಂಪಡಣೆಯ ಹಂತ ಬಂತು. ಹೂವಿನ ಎಸಳು ಬಿಚ್ಚದೆ ಗುಲಾಬಿ ಮೊಗ್ಗಿನ ಹಾಗೆ ಸುತ್ತಿಕೊಂಡವು ನೂರಕ್ಕೆ 10 ಇದ್ದರೂ ಅಷ್ಟೇ.

ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವುದು) ಎಕರೆಗೆ ಎರಡು, ಬಿತ್ತಿದ 45 ದಿನಕ್ಕೆ, ಗಿಡದ ತುದಿಗಿಂತ ಸ್ವಲ್ಪ ಮೇಲೆ. ಗಿಡ ಬೆಳೆದಂತೆ ಬಲೆಯನ್ನೂ ಏರಿಸಬೇಕು. ಸತತ ಮೂರು ರಾತ್ರಿ, ರಾತ್ರಿಗೆ ಬಲೆಯೊಂದಕ್ಕೆ 8 ಪತಂಗ ಬಿದ್ದರೆ ಎಚ್ಚರ. ಲ್ಯೂರ್, ಅಂದರೆ ಬಲೆಯೊಳಗಿಡುವ ವಾಸನೆಯ ವಸ್ತು, ಕೇಳುವಾಗ 'ಗುಲಾಬಿ ಕಾಯಿಕೊರಕದ್ದು, ಗಾಸಿಪ್ಲೂರ್' ಅಂತ ಹೆಸರು ಹೇಳಿಯೇ ಕೇಳಿ. ಕೀಡಿಯ ಲ್ಯೂರ್ ಹಾಕಿ ಒಂದೂ ಬೀಳಲಿಲ್ಲ ಅಂತ ನೆಮ್ಮದಿಯಿಂದ ಮಲಗಿದರೆ ಬೆಳೆ ಹೋಯಿತು.

'ಜೋರಿನ ಎಣ್ಣಿ' ವಿಷಯ. ಮೊಟ್ಟೆಯಿಂದ ಹೊರಬಿದ್ದ ಮರಿ ಸ್ವಲ್ಪ ಹೊತ್ತಿನಲ್ಲೇ ಕಾಯಿಯೊಳಗೆ ಹೊಕ್ಕುತ್ತದೆ, ತೂತೂ ಮುಚ್ಚಿಹೋಗುತ್ತದೆ. ಒಳಗಿನ ಹುಳಕ್ಕೆ ಯಾವ ಔಷಧವೂ ತಾಗುವುದಿಲ್ಲ. ಅದು ಔಷಧ ಸೋತದ್ದೂ ಅಲ್ಲ, ಹುಳ ಗೆದ್ದದ್ದೂ ಅಲ್ಲ, ವೇಳೆ ತಪ್ಪಿದ್ದು. ಇನ್ನು ಔಷಧ ಬದಲಿಸುತ್ತೇವೆ ಅಂತ ಬದಲಿಸುವುದು ಡಬ್ಬಿಯ ಹೆಸರನ್ನು ಮಾತ್ರ. ಸೈಪರ್‌ಮೆಥ್ರಿನ್ ಆದ ಮೇಲೆ ಲ್ಯಾಂಬ್ಡಾ ಸೈಹಾಲೋಥ್ರಿನ್ ಹೊಡೆದರೆ ಹುಳಕ್ಕೆ ಎರಡೂ ಒಂದೇ, ಎರಡೂ ಪೈರಿಥ್ರಾಯ್ಡ್, ಗುಂಪು 3. ಹುಳವನ್ನು ಕೊಲ್ಲುವ ಬಗೆ ನೋಡಿ ಮಾಡಿದ ಗುಂಪು ಇದು. ಪ್ರೊಫೆನೊಫಾಸ್ ಗುಂಪು 1, ಎಮಾಮೆಕ್ಟಿನ್ ಗುಂಪು 6, ಕ್ಲೋರ್‌ಆಂಟ್ರಾನಿಲಿಪ್ರೋಲ್ ಗುಂಪು 28. ಒಂದು ತಲೆಮಾರಿಗೆ, ಅಂದರೆ ಸುಮಾರು ಒಂದು ತಿಂಗಳಿಗೆ ಒಂದು ಗುಂಪು. ಮುಂದಿನ ತಿಂಗಳು ಬೇರೆ. ಹೀಗೆ ಮಾಡಿದರೆ ಈ ತಿಂಗಳು ಒಂದರಿಂದ ಪಾರಾದವು ಮುಂದಿನ ತಿಂಗಳು ಇನ್ನೊಂದಕ್ಕೆ ಸಾಯುತ್ತವೆ. ಪ್ರಮಾಣ ಲೇಬಲ್‌ನಲ್ಲಿ ಇದ್ದಷ್ಟೇ. ಪೈರಿಥ್ರಾಯ್ಡ್ ಮೊದಲೇ ಹೊಡೆದರೆ ಮಿತ್ರಕೀಟ ಸತ್ತು ಬಿಳಿನೊಣ ಏಳುತ್ತದೆ. ಅದನ್ನು ಹಂಗಾಮಿನ ಕೊನೆಗೆ ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ, ಎರಡು ವರ್ಷ ಬಿಟಿ ಬಿಟ್ಟರೆ? ನಿಮ್ಮ ನಾಲ್ಕು ಎಕರೆಯಲ್ಲಿ ಮಾತ್ರ ಬಿಟ್ಟರೆ ಏನೂ ಆಗುವುದಿಲ್ಲ, ಪತಂಗಕ್ಕೆ ಬದು ಗೊತ್ತಿಲ್ಲ. ಕೆಟ್ಟ ಗ್ರಾಹಕದ ಹುಳ ಬಿಟಿ ಇಲ್ಲದ ಗಿಡದಲ್ಲಿ ಸ್ವಲ್ಪ ಸೊರಗುತ್ತದೆ ನಿಜ, ಹಾಗಾಗಿ ಬಿಟಿ ಒತ್ತಡ ತೆಗೆದರೆ ಅವುಗಳ ಪಾಲು ನಿಧಾನಕ್ಕೆ ಇಳಿಯಬೇಕು. ಆದರೆ ಇಳಿಯಲು ಸಾದಾ ಹುಳ ಸುತ್ತಲೂ ಸಾಕಷ್ಟು ಉಳಿದಿರಬೇಕು. ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ರೈತರು ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜ ಬಿತ್ತಿದರು. ಅಲ್ಲಿಯದು ಒಂದೇ ಜೀನಿನ ಬಿಟಿ, ಆದ್ದರಿಂದ ನಾಲ್ಕು ಗಿಡಕ್ಕೆ ಒಂದು ತಾನಾಗಿಯೇ ಸಾದಾ ಆಯಿತು. ಮೊಳಕೆಯೊಡೆಯುತ್ತಿದ್ದ ನಿರೋಧ ಹಿಂದೆ ಸರಿಯಿತು. ಅಲ್ಲಿ ನಿರೋಧ ಇನ್ನೂ ಅಪರೂಪವಾಗಿದ್ದಾಗ ಆದ ಮಾತು ಅದು. ಅಮೆರಿಕದಲ್ಲಿ ಸಾದಾ ಹತ್ತಿ ಸಾಲು, ಆಮೇಲೆ ಬಂಜೆ ಪತಂಗಗಳ ಬಿಡುಗಡೆ ಎಲ್ಲ ಸೇರಿಸಿ 2018ರಲ್ಲಿ ಈ ಹುಳ ನಿರ್ಮೂಲ ಎಂದು ಘೋಷಿಸಿದರು. ನಮ್ಮಲ್ಲಿ ಹುಳ ನಿರೋಧ ಅಪರೂಪವಾಗಿದ್ದ ಹಂತ ದಾಟಿದೆ.

ಹೀಗಾಗಿ ಹುಳದ ಗುಣ ತಿದ್ದುವುದಕ್ಕಿಂತ ಅದರ ಸಂಖ್ಯೆ ಮುರಿಯುವುದೇ ನಿಮಗೆ ಎಟುಕುವ ಕೆಲಸ. ಡಿಸೆಂಬರ್ ಮುಗಿಯುವುದರೊಳಗೆ ಹತ್ತಿ ಬಿಡಿಸಿ ಮುಗಿಸಿ. ಹುಳ ಚಳಿಗಾಲದಲ್ಲಿ ಕೊನೆಯ ಕಾಯಿಗಳಲ್ಲೇ ನಿದ್ದೆ ಹೋಗುವುದು. ಉಳಿದ ಕಾಯಿ ಕುರಿಗೆ ಮೇಯಿಸಿ, ಕಟಗಿ ಕಿತ್ತು ಪುಡಿ ಮಾಡಿ ಮಣ್ಣಿಗೆ ಸೇರಿಸಿ. ಒಲೆಗೆಂದು ಮನೆ ಹಿಂದೆ ಬಣವೆ ಹಾಕಿದರೆ ಬೇಸಿಗೆ ಮಳೆಗೆ ಪತಂಗ ಅಲ್ಲಿಂದಲೇ ಏಳುತ್ತದೆ. ಮೇ ತಿಂಗಳಲ್ಲಿ ನೀರು ಕೊಟ್ಟು ಬಿತ್ತಬೇಡಿ; ಜೂನ್ ಮಳೆಗೆ ಬಿತ್ತಿದರೆ ಮೊದಲು ಎದ್ದ ಪತಂಗಗಳಿಗೆ ಮೊಟ್ಟೆ ಇಡಲು ಮೊಗ್ಗೇ ಸಿಗದೆ ಹಾಗೇ ಸಾಯುತ್ತವೆ. ಸುತ್ತಲಿನ ಹೊಲದವರು ಕೂಡಿ ಒಂದು ವರ್ಷ ಹತ್ತಿ ಕೈಬಿಟ್ಟು ಹೆಸರು, ಅದರ ಹಿಂದೆ ಬಿಳಿಜೋಳ ಇಲ್ಲವೇ ಕಡಲೆ ಮಾಡಿದರೆ ಇನ್ನೂ ಚಲೋ, ಆ ಮೂರರಲ್ಲೂ ಗುಲಾಬಿ ಹುಳಕ್ಕೆ ಮೇವಿಲ್ಲ. ಆ ವರ್ಷ ಬದುವಿನ ಬೆಂಡಿಯನ್ನೂ ಬಿಡಿ.