ಹಳೇ ಸ್ಟೇಡಿಯಂ ಬಿಡೋದಾ, ಬೇಡ್ವಾ? ಅದಕ್ಕೂ ಮೊದಲು ಕೇಳಬೇಕಾದ ಎರಡು ಪ್ರಶ್ನೆ

ನಿಮ್ಮ ಪ್ರಶ್ನೆ ಇದು: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಹಳೇ ಸ್ಟೇಡಿಯಂ ಓಲ್ಡ್ ಟ್ರಾಫರ್ಡ್ ಬಿಟ್ಟು ಹೊಸ ಸ್ಟೇಡಿಯಂ ಕಟ್ಟಿಕೊಳ್ಳೋದು ಸರಿಯಾ? ನೂರು ವರ್ಷ ದಾಟಿದ ಮನೆಯನ್ನು ಯಾವುದೇ ಕ್ಲಬ್ ಬಿಡಬಹುದಾ?

ಬಿಡಬಹುದು. ಆದ್ರೆ ಎರಡು ವಿಷಯ ಕೇಳಿಕೊಂಡ ಮೇಲೆ. ಹೊಸ ಜಾಗ ಕ್ಲಬ್ಬಿನ ಸ್ವಂತದ್ದಾ? ಹಳೇ ಜಾಗದಿಂದ ಎಷ್ಟು ದೂರ? ಸ್ವಂತದ್ದು, ನಡೆದು ಹೋಗುವಷ್ಟು ಹತ್ತಿರ ಅಂದ್ರೆ ಹೋಗಲಿ. ಬಾಡಿಗೆಗೆ ಅಂದ್ರೆ ಇರೋ ಜಾಗದಲ್ಲೇ ಇರಲಿ. ಎಷ್ಟು ಸೀಟು, ಯಾರು ವಿನ್ಯಾಸ ಮಾಡಿದ್ದು, ಥಳಥಳ ಹೊಳೆಯುವ ವಿಡಿಯೋ, ಅದೆಲ್ಲ ಆಮೇಲಿನ ಮಾತು.

ಬಾಡಿಗೆ ಅಂದ ಕೂಡಲೇ ನನಗೆ ನೆನಪಾಗೋದು ಇಂಗ್ಲೆಂಡಿನದೇ ಇನ್ನೊಂದು ಕ್ಲಬ್, ಕವೆಂಟ್ರಿ ಸಿಟಿ. 1899ರಿಂದ ಹೈಫೀಲ್ಡ್ ರೋಡ್ ಅವರ ಮನೆ. 2005ರಲ್ಲಿ ಅದನ್ನು ಬಿಟ್ಟು ಊರಂಚಿನ ರಿಕೋ ಅರೀನಾಕ್ಕೆ ಹೋದರು. ಹೊಸ ಸ್ಟೇಡಿಯಂ ಕಟ್ಟುವ ಯೋಚನೆ ಕ್ಲಬ್ಬಿನದ್ದೇ. ಆದ್ರೆ ಕಟ್ಟಡ ಮೇಲೇಳುವ ಹೊತ್ತಿಗೆ ಕೈ ಬರಿದಾಗಿ, ತಮ್ಮ ಪಾಲನ್ನೇ ಮಾರಿಕೊಂಡಿದ್ದರು. ತಾವೇ ಕನಸು ಕಂಡ ಮನೆಗೆ ತಾವೇ ಬಾಡಿಗೆದಾರರು! ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಜಾಸ್ತಿ ಬಾಡಿಗೆ. 2012ರಲ್ಲಿ ತಂಡ ಮೂರನೇ ದರ್ಜೆಯ ಲೀಗಿಗೆ ಜಾರಿತು. ಅದೇ ವರ್ಷ ಬಾಡಿಗೆ ಕೊಡೋದನ್ನೂ ನಿಲ್ಲಿಸಿದರು. ಜಗಳ ಕೋರ್ಟಿಗೆ ಹೋಯಿತು. 2013ರಲ್ಲಿ ತಂಡ ಗಂಟುಮೂಟೆ ಕಟ್ಟಿ, ಸುಮಾರು 55 ಕಿಲೋಮೀಟರ್ ದೂರದ ನಾರ್ತಾಂಪ್ಟನ್‌ನಲ್ಲಿ 'ತವರು' ಪಂದ್ಯ ಆಡತೊಡಗಿತು.

ಅಲ್ಲಿನ ಮೊದಲ ಲೀಗ್ ಪಂದ್ಯದಲ್ಲಿ ಬ್ರಿಸ್ಟಲ್ ಸಿಟಿಯನ್ನು 5-4ರಿಂದ ಸೋಲಿಸಿದರು. ಒಂಬತ್ತು ಗೋಲಿನ ಪಂದ್ಯ ನೋಡೋಕೆ ಬಂದವರು ಎರಡು ಸಾವಿರದ ಚಿಲ್ಲರೆ ಜನ. ಉಳಿದ ಅಭಿಮಾನಿಗಳು ಹಟ ಹಿಡಿದು ಬಹಿಷ್ಕಾರ ಹಾಕಿದ್ದರು. ಅವರಲ್ಲಿ ಒಂದಷ್ಟು ಜನ ಅಲ್ಲಿವರೆಗೂ ಹೋಗುತ್ತಿದ್ದರು, ಆದ್ರೆ ಟಿಕೆಟ್ ಕೊಳ್ಳುತ್ತಿರಲಿಲ್ಲ. ಸ್ಟೇಡಿಯಂ ಪಕ್ಕದಲ್ಲೊಂದು ದಿಬ್ಬವಿದೆ. ಅದರ ಮೇಲೆ ನಿಂತು, ಕಂಡಷ್ಟು ಆಟ ನೋಡಿ, ಅಲ್ಲಿಂದಲೇ ಹಾಡಿ ವಾಪಸ್ ಬರುತ್ತಿದ್ದರು. ತಂಡ ಬೇಕು, ಅದರ ಮಾಲೀಕರ ಜೇಬಿಗೆ ಒಂದು ಪೆನ್ನಿಯೂ ಹೋಗಬಾರದು!

ಒಂದೇ ವರ್ಷಕ್ಕೆ ವಾಪಸ್ ಬಂದರು ನಿಜ. ಆದ್ರೆ 2019ರಲ್ಲಿ ಮತ್ತೆ ಜಗಳ, ಮತ್ತೆ ಎರಡು ಸೀಸನ್ ಬರ್ಮಿಂಗ್‌ಹ್ಯಾಮ್ ಪಾಲು. ಕೊನೆಗೆ 2025ರಲ್ಲಿ ಕ್ಲಬ್ ಆ ಸ್ಟೇಡಿಯಂ ಕೊಂಡುಕೊಂಡಿತು. ಅಷ್ಟೊತ್ತಿಗೆ ಹೈಫೀಲ್ಡ್ ರೋಡ್ ಬಿಟ್ಟು ಇಪ್ಪತ್ತು ವರ್ಷ ಆಗಿತ್ತು.

ಕವೆಂಟ್ರಿಗೆ ಸಿಕ್ಕಿದ್ದು ಕೆಟ್ಟ ಕರಾರು, ಕರಾರು ಒಳ್ಳೇದಾಗಿದ್ರೆ ಬಾಡಿಗೆಯಾದರೇನು ಅಂತ ನೀವು ಕೇಳಬಹುದು. ಹಾಗಾದ್ರೆ ಲಂಡನ್ನಿನ ವೆಸ್ಟ್ ಹ್ಯಾಮ್ ಕ್ಲಬ್ ನೋಡಿ. 1904ರಿಂದ ಇದ್ದ ಅಪ್ಟನ್ ಪಾರ್ಕ್ ಬಿಟ್ಟು 2016ರಲ್ಲಿ ಲಂಡನ್ ಒಲಿಂಪಿಕ್ಸ್ ಸ್ಟೇಡಿಯಮ್ಮಿಗೆ ಹೋದರು. 99 ವರ್ಷದ ಗುತ್ತಿಗೆ. ಶುರುವಿನ ಬಾಡಿಗೆ ವರ್ಷಕ್ಕೆ 25 ಲಕ್ಷ ಪೌಂಡ್, ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗಿನ ಲೆಕ್ಕದಲ್ಲಿ ಪುಡಿಗಾಸು. ಪಂದ್ಯದ ದಿನದ ಭದ್ರತೆ, ಪಿಚ್ (ಅಂದ್ರೆ ಆಟದ ಮೈದಾನ) ನಿರ್ವಹಣೆ, ಕಡೆಗೆ ಕಾರ್ನರ್ ಧ್ವಜದ ಖರ್ಚು ಕೂಡ ಸ್ಟೇಡಿಯಂ ನಡೆಸುವವರದ್ದೇ. ಇಷ್ಟು ಸಲೀಸಾದ ಕರಾರು ಇನ್ಯಾರಿಗೆ ಸಿಗುತ್ತೆ?

ಆದ್ರೆ ಆ ಸ್ಟೇಡಿಯಂ ಕಟ್ಟಿದ್ದು ಓಟದವರಿಗೆ. ಪಿಚ್ಚಿಗೂ ಜನರಿಗೂ ನಡುವೆ ಓಟದ ಟ್ರ್ಯಾಕ್. ಬೇಸಿಗೆಯಲ್ಲಿ ಅಥ್ಲೆಟಿಕ್ಸ್ ನಡೆಯಬೇಕು, ಹಾಗಾಗಿ ಕೆಳಗಿನ ಸೀಟುಗಳನ್ನು ಮುಂದೆ ತರೋದು, ಮತ್ತೆ ಹಿಂದೆ ಸರಿಸೋದು. ಮುಂದೆ ತಂದರೂ ಗೋಲಿನ ಹಿಂದೆ ಕೂತವರಿಗೆ ಪಿಚ್ ದೂರವೇ. ಅಪ್ಟನ್ ಪಾರ್ಕಿನಲ್ಲಿ ಥ್ರೋ-ಇನ್‌ಗೆ ನಿಂತ ಎದುರಾಳಿಯ ಕಿವಿಗೇ ಬೈಯಬಹುದಿತ್ತು. ಆ ಹತ್ತಿರವನ್ನು ಯಾವ ಕರಾರಿನಲ್ಲೂ ಬರೆಸಿಕೊಳ್ಳೋಕಾಗಲ್ಲ. 2018ರ ಮಾರ್ಚ್‌ನಲ್ಲಿ ಬರ್ನ್ಲಿ ಎದುರು 0-3ರಿಂದ ಸೋತ ದಿನ ಅಭಿಮಾನಿಗಳು ಪಿಚ್ಚಿಗೇ ನುಗ್ಗಿದರು. ಒಬ್ಬ ಕಾರ್ನರ್ ಧ್ವಜ ಕಿತ್ತುಕೊಂಡು ಮೈದಾನದ ನಟ್ಟನಡುವೆ ನಿಂತುಬಿಟ್ಟ. (ಹೌದು, ಅದೇ ಧ್ವಜ, ಕ್ಲಬ್ ದುಡ್ಡು ಕೊಡಬೇಕಿಲ್ಲದ್ದು.) ಮಾಲೀಕರು ಕೂತ ಕಡೆ ಮುಖ ಮಾಡಿ ಸಾವಿರಾರು ಜನ ಕೂಗುತ್ತಿದ್ದರು. 2023ರಲ್ಲಿ ಇದೇ ತಂಡ ಯುರೋಪಿನ ಕ್ಲಬ್ಬುಗಳ ಟೂರ್ನಿ ಕಾನ್ಫರೆನ್ಸ್ ಲೀಗ್ ಗೆದ್ದಿತು. 1980ರ ನಂತರ ಮೊದಲ ದೊಡ್ಡ ಟ್ರೋಫಿ. ಆದ್ರೂ ಸ್ಟೇಡಿಯಂ ಬಗ್ಗೆ ಗೊಣಗಾಟ ನಿಂತಿಲ್ಲ.

ಈಗ ಇನ್ನೊಂದು ಕಡೆ. ಲಂಡನ್ನಿನದೇ ಇನ್ನೊಂದು ಕ್ಲಬ್ ಆರ್ಸೆನಲ್ 2006ರಲ್ಲಿ ತನ್ನ ಹಳೇ ಸ್ಟೇಡಿಯಂ ಹೈಬರಿ ಬಿಟ್ಟಿತು. ಅಲ್ಲಿನ ಕೊನೇ ಪಂದ್ಯದಲ್ಲಿ ತಂಡದ ತಾರೆ ಥಿಯೆರಿ ಆನ್ರಿ ಮೂರು ಗೋಲ್ ಹೊಡೆದು, ಬಗ್ಗಿ ಹುಲ್ಲಿಗೆ ಮುತ್ತಿಟ್ಟ. ಹೊಸ ಎಮಿರೇಟ್ಸ್ ಸ್ಟೇಡಿಯಂ ಸ್ವಂತದ್ದು, ಹೈಬರಿಯಿಂದ ಅರ್ಧ ಕಿಲೋಮೀಟರ್. ಜನ ಬರುವ ಬೀದಿ ಅದೇ, ಪಂದ್ಯಕ್ಕೆ ಮುಂಚೆ ಸೇರುವ ಪಬ್‌ಗಳೂ ಅವೇ. ಹಳೇ ಸ್ಟ್ಯಾಂಡುಗಳ ಮುಖ ಹಾಗೇ ಉಳಿಸಿ ಒಳಗೆ ಫ್ಲ್ಯಾಟ್ ಮಾಡಿದರು. ಪಿಚ್ ಇದ್ದ ಜಾಗ ಈಗ ತೋಟ. ಬಿಡೋದಾದ್ರೆ ಹೀಗೆ ಬಿಡಬೇಕು ಅನ್ನಿಸುತ್ತೆ.

ಹಾಗಂತ ಪುಕ್ಕಟೆ ಏನಾಗಲಿಲ್ಲ. ಸುಮಾರು 39 ಕೋಟಿ ಪೌಂಡ್ ಖರ್ಚು, ಅದರ ಸಾಲ ತೀರಿಸುತ್ತಾ ಒಳ್ಳೊಳ್ಳೆ ಆಟಗಾರರನ್ನು ಮಾರಬೇಕಾಯಿತು. ಫ್ಯಾಬ್ರೆಗಾಸ್ ಹೋದ, ನಸ್ರಿ ಹೋದ, ವ್ಯಾನ್ ಪರ್ಸಿ ಹೋದ. ಆತ ಹೋಗಿದ್ದು ಯುನೈಟೆಡ್‌ಗೇ! 2005ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್ಎ ಕಪ್ ಗೆದ್ದ ಮೇಲೆ ಮುಂದಿನ ಟ್ರೋಫಿ ಬಂದಿದ್ದು 2014ರಲ್ಲಿ. ಸ್ವಂತ ಮನೆ ಅಂದ್ರೆ ಇಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಬೇಕು ಅಂತ ಮೊದಲೇ ಗೊತ್ತಿರಲಿ.

ಹೊಸದು ಅಂದ್ರೆ ದೊಡ್ಡದೇ ಆಗಬೇಕು ಅಂತೇನೂ ಇಲ್ಲ. ಇಟಲಿಯ ಯುವೆಂಟಸ್ ಕ್ಲಬ್ ಆಡುತ್ತಿದ್ದ ಡೆಲ್ಲೆ ಆಲ್ಪಿ ಸ್ಟೇಡಿಯಮ್ಮಿಗೆ 65 ಸಾವಿರಕ್ಕೂ ಮೀರಿ ಜನ ಹಿಡಿಯುತ್ತಿದ್ದರು. ಅಲ್ಲೂ ಓಟದ ಟ್ರ್ಯಾಕ್, ಅಲ್ಲೂ ಖಾಲಿ ಸೀಟು. ಅದನ್ನು ಕೆಡವಿ ಅದೇ ಜಾಗದಲ್ಲಿ 2011ಕ್ಕೆ 41 ಸಾವಿರ ಸೀಟಿನ ಸ್ವಂತ ಸ್ಟೇಡಿಯಂ ಕಟ್ಟಿದರು. ಅಲ್ಲಿಂದ ಸತತ ಒಂಬತ್ತು ಸಲ ಲೀಗ್ ಗೆದ್ದರು. ಎಲ್ಲಾ ಸ್ಟೇಡಿಯಮ್ಮಿನಿಂದಲೇ ಅಂತ ನಾನು ಹೇಳಲ್ಲ, ಆದ್ರೆ ಅಡ್ಡಿಯಂತೂ ಆಗಲಿಲ್ಲ.

ಇದ್ದಲ್ಲೇ ಇದ್ದು ಬೆಳೆದವರೂ ಇದ್ದಾರೆ. ಲಿವರ್‌ಪೂಲ್ ಕ್ಲಬ್ ತನ್ನ ಸ್ಟೇಡಿಯಂ ಆನ್‌ಫೀಲ್ಡ್ ಪಕ್ಕದ ಸ್ಟ್ಯಾನ್ಲಿ ಪಾರ್ಕಿನಲ್ಲಿ ಹೊಸದು ಕಟ್ಟುತ್ತೇವೆ ಅಂತ ವರ್ಷಗಟ್ಟಲೆ ಹೇಳಿತು. ಒಂದು ಇಟ್ಟಿಗೆಯೂ ಏಳಲಿಲ್ಲ. ಆಮೇಲೆ ಬಂದ ಮಾಲೀಕರು ಆನ್‌ಫೀಲ್ಡನ್ನೇ ಒಂದೊಂದು ಸ್ಟ್ಯಾಂಡಾಗಿ ಎತ್ತರಿಸಿ 61 ಸಾವಿರಕ್ಕೆ ಮುಟ್ಟಿಸಿದರು. ಇದನ್ನು ಎಲ್ಲರೂ ಹೊಗಳುತ್ತಾರೆ, ಆದ್ರೆ ಇದಕ್ಕೂ ಬೆಲೆ ಕೊಟ್ಟವರಿದ್ದಾರೆ. ಸ್ಟೇಡಿಯಂ ಹಿಂದಿನ ಬೀದಿಯ ಮನೆಗಳನ್ನು ಕ್ಲಬ್ ಕೊಂಡು ಖಾಲಿ ಬಿಟ್ಟಿತ್ತು. ಕಿಟಕಿಗೆ ಹಲಗೆ ಹೊಡೆದ ಮನೆಗಳ ನಡುವೆ ಉಳಿದವರು ಎಷ್ಟೋ ವರ್ಷ ಬದುಕಬೇಕಾಯಿತು. ಇರೋ ಜಾಗದಲ್ಲೇ ಬೆಳೀತೀವಿ ಅಂದ್ರೆ ಅಕ್ಕಪಕ್ಕದವರ ಮನೆ ತಿಂದೇ ಬೆಳೀಬೇಕು ಕೆಲವು ಸಲ.

ಭಾವನೆಯ ಮಾತನ್ನು ನಾನು ತಳ್ಳಿಹಾಕ್ತಿಲ್ಲ. ಎವರ್ಟನ್ ಕ್ಲಬ್ಬಿನ ಹಳೇ ಸ್ಟೇಡಿಯಂ ಗುಡಿಸನ್ ಪಾರ್ಕ್ ಪಿಚ್ಚಿನ ಅಂಚಿನಲ್ಲಿ ನೂರಾರು ಅಭಿಮಾನಿಗಳ ಚಿತಾಭಸ್ಮ ಇದೆ. ಜಾಗ ಸಾಲದೆ ಕ್ಲಬ್ಬೇ ಆ ಪದ್ಧತಿ ನಿಲ್ಲಿಸಬೇಕಾಯಿತು. ಅಂಥ ನೆಲದ ಮೇಲೆ ಬುಲ್ಡೋಜರ್ ಓಡಿಸೋದು ಹೇಗೆ? 2025ರಲ್ಲಿ ಪುರುಷರ ತಂಡ ನದಿ ದಂಡೆಯ ಹೊಸ ಸ್ಟೇಡಿಯಮ್ಮಿಗೆ ಹೋಯಿತು, ಗುಡಿಸನ್ನನ್ನು ಮಹಿಳಾ ತಂಡಕ್ಕೆ ಬಿಟ್ಟುಕೊಟ್ಟರು. ನಾನು ಕಂಡ ಸ್ಥಳಾಂತರಗಳಲ್ಲಿ ಇದಕ್ಕಿಂತ ಜಾಣತನದ್ದು ಇಲ್ಲ.

ಇನ್ನು ಓಲ್ಡ್ ಟ್ರಾಫರ್ಡ್. ಶುರುವಾಗಿದ್ದು 1910ರಲ್ಲಿ. 2024ರ ಮೇನಲ್ಲಿ ಆರ್ಸೆನಲ್ ಪಂದ್ಯದ ದಿನ ಮಳೆ ಬಂದು ಛಾವಣಿಯ ಮೂಲೆಯಿಂದ ನೀರು ಜಲಪಾತದ ಹಾಗೆ ಸೀಟುಗಳ ಮೇಲೆ ಸುರಿದಿದ್ದನ್ನು ನೀವೂ ನೋಡಿರ್ತೀರಿ. ಒಂದು ಬದಿಯ ಸ್ಟ್ಯಾಂಡಿನ ಬೆನ್ನಿಗೇ ರೈಲು ಹಳಿ ಇದೆ, ಹಾಗಾಗಿ ಆ ಕಡೆ ಬೆಳೆಸೋದು ಬಲು ಕಷ್ಟ. 2025ರ ಮಾರ್ಚ್‌ನಲ್ಲಿ ಕ್ಲಬ್ ಹೇಳಿದ್ದು: ಪಕ್ಕದಲ್ಲೇ ಒಂದು ಲಕ್ಷ ಸೀಟಿನ ಹೊಸ ಸ್ಟೇಡಿಯಂ, ಖರ್ಚು ಸುಮಾರು 200 ಕೋಟಿ ಪೌಂಡ್. ನನ್ನ ಎರಡು ಪ್ರಶ್ನೆಯಲ್ಲಿ ದೂರದ್ದಕ್ಕೆ ಪೂರ್ತಿ ಅಂಕ.

ಸ್ವಂತದ್ದಾ ಅನ್ನೋದರಲ್ಲಿ ನನಗೆ ಅನುಮಾನ. ದುಡ್ಡು ಎಲ್ಲಿಂದ ಅಂತ ಆ ದಿನ ಅವರು ಹೇಳಲಿಲ್ಲ. 2005ರಲ್ಲಿ ಗ್ಲೇಝರ್ ಕುಟುಂಬ ಈ ಕ್ಲಬ್ಬನ್ನು ಕೊಂಡಾಗ ಕೊಳ್ಳೋಕೆ ಮಾಡಿದ ಸಾಲವನ್ನೇ ಕ್ಲಬ್ಬಿನ ತಲೆಗೆ ಕಟ್ಟಿದ್ದರು. ಸ್ಟೇಡಿಯಂ ಮೇಲೆ ಕ್ಲಬ್ಬಿನ ಹೆಸರಿದ್ದು ಹಕ್ಕುಪತ್ರ ಸಾಲ ಕೊಟ್ಟವರ ಕೈಯಲ್ಲಿದ್ದರೆ ಅದೂ ಒಂಥರಾ ಬಾಡಿಗೆಯೇ ಅಲ್ವಾ? ಆ ಬಾಡಿಗೆ ಕಟ್ಟೋರು ಯಾರು ಅನ್ನೋದರ ಸುಳಿವು ಆಗಲೇ ಸಿಕ್ಕಿದೆ. 2024ರ ಕೊನೆಯಲ್ಲಿ, ಸೀಸನ್ ನಡುವೆಯೇ, ಉಳಿದ ಟಿಕೆಟ್‌ಗಳಿಗೆ ಕನಿಷ್ಠ 66 ಪೌಂಡ್ ಮಾಡಿದರು, ಮಕ್ಕಳಿಗೂ ವಯಸ್ಸಾದವರಿಗೂ ರಿಯಾಯಿತಿ ಇಲ್ಲದೆ.

ಹಾಗಾಗಿ ನನ್ನ ಉತ್ತರ: ಯುನೈಟೆಡ್ ಹೋಗಲಿ. ಆದ್ರೆ ಸಾಲ ಎಷ್ಟು, ಅದು ಯಾರ ಹೆಸರಲ್ಲಿ, ಮೊದಲ ಹತ್ತು ವರ್ಷ ಸೀಸನ್ ಟಿಕೆಟ್ ದರ ಎಷ್ಟರ ಮೇಲೆ ಏರಲ್ಲ ಅನ್ನೋದನ್ನು ಬರೆದುಕೊಡೋವರೆಗೂ ಅಭಿಮಾನಿಗಳು ಒಂದು ಚಪ್ಪಾಳೆಯನ್ನೂ ತಟ್ಟಬಾರದು.